ಎಡ ಜೇಬಿನ ಹುರುಳಿ

ಚಿಕ್ಕಬಳ್ಳಾಪುರದ ನಮ್ಮ ಕ್ರೈಸ್ತ ಸಭೆಯಲ್ಲಿ ನಾನು ಎಲ್ಲರ ಕಣ್ಣಿಗೆ ಬಿದ್ದದ್ದು ಒಂದೇ ಒಂದು ಸಲ. ಅರವತ್ತರ ದಶಕದ ಆರಂಭ, ನನಗಾಗ ಇಪ್ಪತ್ತಮೂರು. ಅದಕ್ಕೆ ಮೊದಲು ನಾನೊಬ್ಬ ಇದ್ದೇನೆ ಎಂಬುದೇ ಯಾರಿಗೂ ಗೊತ್ತಿರಲಿಲ್ಲ. ಹಾಡುವ ಕಂಠವಿಲ್ಲ, ಮಾತಿನ ಚಾತುರ್ಯವಿಲ್ಲ. ಕ್ರಿಸ್ಮಸ್ ನಾಟಕದಲ್ಲಿ ಪ್ರತಿ ವರ್ಷ ಕುರುಬರ ಗುಂಪಿನ ಕೊನೆಯಲ್ಲಿ ಕಂಬಳಿ ಹೊದ್ದು ನಿಲ್ಲುವುದಷ್ಟೇ ನನ್ನ ಪಾಲಿನ ಸೇವೆ. ಅಂಥವನು ಒಂದು ಸಂಜೆ, ತುಂಬಿದ ದೇವಾಲಯದಲ್ಲಿ ಒಬ್ಬನೇ ಎದ್ದು ನಿಂತು, ಹೆಣ್ಣಿನ ಮೋಹಕ್ಕೆ ಸೋತವನು ನಾನು ಎಂದು ಇಡೀ ಸಭೆಗೆ ತೋರಿಸಿಕೊಂಡೆ.

ಭಕ್ತಿಯನ್ನು ಮತ್ತೆ ಚಿಗುರಿಸಲೆಂದು ಉಜ್ಜೀವನ ಕೂಟಗಳು ನಡೆಯುತ್ತಿದ್ದ ವಾರ ಅದು. ಹೊರಗಿನಿಂದ ಬಂದಿದ್ದ ಬೋಧಕರು ಮೊದಲ ಮೂರು ದಿನ ಸುಳ್ಳು, ಕೋಪ, ಕುಡಿತಗಳನ್ನು ಮುಗಿಸಿದ್ದರು. ಆ ಮೂರರಲ್ಲೂ ನಾನು ಆರಾಮವಾಗಿ ಕೂತು ಪಕ್ಕದವರನ್ನು ನೋಡುತ್ತಿದ್ದೆ. ನಾಲ್ಕನೆಯ ದಿನ ಅವರು ಕಣ್ಣಿನ ಪಾಪಕ್ಕೆ ಬಂದರು. ನಾನು ಪಕ್ಕದವರನ್ನು ಬಿಟ್ಟು ಚಾಪೆಯ ಅಂಚು ನೋಡತೊಡಗಿದೆ. ಕೊನೆಯಲ್ಲಿ ಅವರು, ಎಲ್ಲರೂ ಕಣ್ಣು ಮುಚ್ಚಿ, ಈ ಮೋಹದ ಶೋಧನೆಗೆ ಬಿದ್ದವರು ಮಾತ್ರ ಎದ್ದು ನಿಲ್ಲಿ, ನಿಮಗಾಗಿ ಪ್ರಾರ್ಥಿಸುತ್ತೇನೆ ಎಂದರು. ಮುಂದೆ ಮೆಲ್ಲಗೆ ಹಾರ್ಮೋನಿಯಂ ನುಡಿಯುತ್ತಿತ್ತು. ಕಣ್ಣು ಮುಚ್ಚಿದ ನನಗೆ ಹಿಂದಿನ ಚಾಪೆಗಳಲ್ಲಿ ದಬದಬ ಎದ್ದ ಸದ್ದು ಕೇಳಿಸಿತು. ಸದ್ಯ, ನಾನೊಬ್ಬನೇ ಅಲ್ಲ ಎಂದು ಎಂಥ ನೆಮ್ಮದಿಯಾಯಿತು ಎಂದರೆ, ಧೈರ್ಯವಾಗಿ ಎದ್ದು ನಿಂತೆ. ನಿಂತ ಮೇಲೆ ಕಣ್ಣು ಬಿಟ್ಟೆ.

ಹಿಂದಿನವರು ಎದ್ದದ್ದು ಬಾಗಿಲಿನಿಂದ ಒಳಗೆ ನುಗ್ಗಿದ್ದ ಮೇಕೆಯನ್ನು ಓಡಿಸಲು. ಓಡಿಸಿ ಕೂತೂ ಆಗಿತ್ತು. ಬಲಗಡೆಯ ಗಂಡಸರ ಚಾಪೆಗಳ ಮೇಲಾಗಲಿ, ಎಡಗಡೆಯ ಹೆಂಗಸರ ಚಾಪೆಗಳ ಮೇಲಾಗಲಿ ನಿಂತಿದ್ದವನು ನಾನೊಬ್ಬನೇ. ಮುಚ್ಚಿರಬೇಕಾಗಿದ್ದ ಕಣ್ಣುಗಳೆಲ್ಲ ತೆರೆದಿದ್ದವು. ನನ್ನ ಅಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಹಾರ್ಮೋನಿಯಂ ಥಟ್ಟನೆ ನಿಂತಿತು. ಒಂದು ಗಳಿಗೆ ಮಾತ್ರ, ಆಮೇಲೆ ಮತ್ತೆ ಶುರುವಾಯಿತು. ಆದರೆ ನುಡಿಸುತ್ತಿದ್ದವಳು ನನ್ನನ್ನು ನೋಡಿದ್ದಳು. ನಾನು ಯಾರ ಕಾರಣದಿಂದ ಎದ್ದು ನಿಂತಿದ್ದೆನೋ ಅವಳೇ ಅವಳು.

ಅವಳು ನಮ್ಮ ಪಾದ್ರಿ ಅಯ್ಯನವರ ತಂಗಿಯ ಮಗಳು. ಚಿಂತಾಮಣಿಯವಳು. ನಮ್ಮೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರಾಗಿ ಸೇರಿ ಸೋದರಮಾವನ ಮನೆಯಲ್ಲಿದ್ದಳು. ಬಗ್ಗಿ ಹಾರ್ಮೋನಿಯಂನ ತಿದಿ ಒತ್ತುವಾಗ ಅವಳ ಜಡೆ ಹೆಗಲಿನಿಂದ ಜಾರಿ ಮುಂದೆ ಬೀಳುತ್ತಿತ್ತು. ಪಲ್ಲವಿ ಮುಗಿದು ಚರಣ ಶುರುವಾಗುವ ಸಂದಿನಲ್ಲಿ ಅದನ್ನು ಹಿಂದಕ್ಕೆ ಎಸೆಯುತ್ತಿದ್ದಳು. ಎಷ್ಟು ಚರಣವೋ ಅಷ್ಟು ಸಲ. ನಾನು ಉದ್ದದ ಹಾಡುಗಳನ್ನು ಇಷ್ಟಪಡತೊಡಗಿದ್ದು ಭಕ್ತಿಯಿಂದಲ್ಲ.

ಮರುದಿನ ಅಯ್ಯನವರು ಹೇಳಿಕಳಿಸಿದರು. ಅವರು ಗೌರಿಬಿದನೂರಿನ ಆಚೆ ನಗರಗೆರೆ ಕಡೆಯ ರೈತರ ಮನೆಯಿಂದ ಬಂದವರು. ಯಾವ ಕಾಯಿಲೆಗೂ ಅವರ ಹತ್ತಿರ ಇದ್ದ ಔಷಧಿ ಹುರುಳಿ. ನೆಗಡಿಗೆ ಹುರುಳಿ ಕಟ್ಟು, ಸೊಂಟ ನೋವಿಗೆ ಬಿಸಿ ಹುರುಳಿಯ ಗಂಟು. ನಾನು ಜಗುಲಿಯ ತುದಿಯಲ್ಲಿ ತಲೆ ತಗ್ಗಿಸಿ ಕೂತೆ.

"ನಿನ್ನೆ ಎದ್ದು ನಿಂತ್ಯಲ್ಲಪ್ಪ" ಎಂದರು.

"ಬೇಕಾದಷ್ಟು ಜನ ಎದ್ದಿದಾರೆ ಅನ್ಕೊಂಡೆ ಅಯ್ಯಾ."

"ಏಳ್ಬೇಕಾದೋರು ಬೇಕಾದಷ್ಟು ಜನ ಇದ್ರು. ಎದ್ದೋನು ನೀನು. ಅದಕ್ಕೆ ತಲೆ ತಗ್ಗಿಸ್ಬೇಡ." ಆಮೇಲೆ ದನಿ ತಗ್ಗಿಸಿ, "ಯಾರು ಅಂತ ನಾನು ಕೇಳಲ್ಲ. ತಿಳ್ಕೊಂಡ್ರೆ ಅವರು ಎದುರಿಗೆ ಬಂದಾಗೆಲ್ಲ ನಂಗೆ ಅದೇ ನೆನಪಾಗತ್ತೆ" ಎಂದರು.

ಒಳಗೆ ಅವಳು ಮಕ್ಕಳ ಲೆಕ್ಕದ ಪುಸ್ತಕ ತಿದ್ದುತ್ತಾ ಕೂತಿದ್ದದ್ದು ನನಗೆ ಕಾಣುತ್ತಿತ್ತು. ಕೇಳದಿದ್ದದ್ದೇ ಒಳ್ಳೆಯದಾಯಿತು.

ಅಯ್ಯನವರು ಎದ್ದುಹೋಗಿ ಒಂದು ಬೊಗಸೆ ಹುರುಳಿ ತಂದು ನನ್ನ ಜುಬ್ಬದ ಬಲ ಜೇಬಿಗೆ ಸುರಿದರು. ಮನಸ್ಸು ಜಾರಿದಾಗಲೆಲ್ಲ ಒಂದು ಕಾಳನ್ನು ಬಲ ಜೇಬಿನಿಂದ ಎಡ ಜೇಬಿಗೆ ಹಾಕಬೇಕು. ಶನಿವಾರ ಎಡ ಜೇಬಿನದನ್ನು ತಂದು ತೋರಿಸಬೇಕು. ಅಷ್ಟೇ ಚಿಕಿತ್ಸೆ. ಬಿದ್ದದ್ದು ಗೊತ್ತಾದರೆ ಏಳುವುದು ಸುಲಭ ಎಂಬುದು ಅವರ ಲೆಕ್ಕಾಚಾರ.

ನನಗೊಂದು ಅನುಮಾನ ಬಂತು. "ಅಯ್ಯಾ, ಬೆಳಗ್ಗೆ ಶುರುವಾದ ಯೋಚನೆ ಸಂಜೆವರೆಗೂ ಬಿಡದೆ ಬಂದ್ರೆ ಅದು ಒಂದು ಕಾಳೋ, ಎಷ್ಟೋ?"

ಅಯ್ಯನವರು ಗಂಭೀರವಾಗಿ ಯೋಚಿಸಿದರು. "ಮಧ್ಯೆ ಊಟ ಮಾಡಿದ್ರೆ ಹೊಸದು ಅಂತ ತಿಳ್ಕೋ" ಎಂದರು.

ಮುಂದಿನ ವಾರವೇ ನಾನು ಶಿಡ್ಲಘಟ್ಟದಲ್ಲಿ ಹೊಸ ಕೆಲಸಕ್ಕೆ ಸೇರಿದೆ. ಸೋಮವಾರ ಬೆಳಗ್ಗೆ ಚಿಕ್ಕ ರೈಲಿನಲ್ಲಿ ಹೋದರೆ ಶನಿವಾರ ಮಧ್ಯಾಹ್ನ ವಾಪಸ್ಸು. ಕೆಲಸ ಯಾವುದೆಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ. ರೇಷ್ಮೆ ಹುಳುವಿನ ಮೊಟ್ಟೆ ತಯಾರಿಸಿ ರೈತರಿಗೆ ಮಾರುವ ಕೇಂದ್ರ ಅದು. ಬಿತ್ತನೆಗೆಂದು ಇಟ್ಟ ಗೂಡುಗಳಿಂದ ಬೆಳಕು ಹರಿಯುವ ಹೊತ್ತಿಗೆ ಚಿಟ್ಟೆಗಳು ಹೊರಬರುತ್ತವೆ. ಹೆಣ್ಣು ಚಿಟ್ಟೆಗಳು ದಪ್ಪ ಹೊಟ್ಟೆ ಹೊತ್ತು ಕೂತಲ್ಲೇ ಕೂತಿರುತ್ತವೆ. ಗಂಡುಗಳು ರೆಕ್ಕೆ ಪಟಪಟ ಬಡಿಯುತ್ತಾ ತಟ್ಟೆಯ ತುಂಬ ಗಿರಗಿರ ಓಡುತ್ತವೆ. ಒಂದು ಗಂಡನ್ನು ತೆಗೆದು ಒಂದು ಹೆಣ್ಣಿನ ಪಕ್ಕ ಬಿಟ್ಟು ಬಟ್ಟಲು ಮುಚ್ಚುವುದು ನನ್ನ ಬೆಳಗಿನ ಕೆಲಸ. ನಾಲ್ಕು ಗಂಟೆ ಕಳೆದ ಮೇಲೆ ಆ ಜೋಡಿಗಳನ್ನು ಬಿಡಿಸುವುದು ಮಧ್ಯಾಹ್ನದ ಕೆಲಸ. ಮೋಹದಿಂದ ಬಿಡಿಸು ಎಂದು ಮುಂಜಾನೆ ಮಂಡಿಯೂರಿ ಪ್ರಾರ್ಥಿಸಿ, ಹತ್ತು ನಿಮಿಷದ ಮೇಲೆ ನೂರಾರು ಮದುವೆ ಮಾಡಿಸಲು ಕೂರುವವನ ಸ್ಥಿತಿ ಯಾರಿಗೂ ಬೇಡ.

ಮೊದಲ ದಿನ ನಾನು ಮುಖ ಆಚೆ ತಿರುಗಿಸಿಕೊಂಡು ಕೈ ಮಾತ್ರ ತಟ್ಟೆಯೊಳಗೆ ಇಟ್ಟು ಕೆಲಸ ಮಾಡಿದೆ. ಎರಡು ಗಂಡುಗಳನ್ನು ಒಟ್ಟಿಗೆ ಸೇರಿಸಿ ಬಟ್ಟಲು ಮುಚ್ಚಿದ್ದು ಮಧ್ಯಾಹ್ನ ಗೊತ್ತಾಯಿತು. ಅಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸರು, "ಪಾಪಂ, ಅಬ್ಬಾಯಿಕಿ ಸಿಗ್ಗು" ಎಂದು ತೆಲುಗಿನಲ್ಲಿ ನನ್ನ ನಾಚಿಕೆಯನ್ನು ಆಡಿಕೊಂಡು ನಕ್ಕರು. ನಗುತ್ತಿದ್ದವರಲ್ಲಿ ಒಬ್ಬಳಿಗೆ ಕೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ಒಂದು ಕಾಳು ಎಡ ಜೇಬಿಗೆ ಹೋಯಿತು.

ಮೇಸ್ತ್ರಿ ಮುರುಗಮಲ್ಲದ ಕಡೆಯ ಮುಸಲ್ಮಾನರು, ಬಿಳಿ ಗಡ್ಡದ ಹಿರಿಯರು. ನನ್ನ ಕೈ ಹಿಡಿದು ಕೆಲಸ ಕಲಿಸಿದವರು ಅವರೇ. "ಎಳೀಬ್ಯಾಡಪ್ಪಾ ಭಾಯಿ. ಎಳೆದ್ರೆ ಎರಡೂ ಕೆಡ್ತಾವೆ. ಎರಡು ಬೆರಳಲ್ಲಿ ಹಿಡ್ಕೊಂಡು ಮೆತ್ತಗೆ ತಿರುಗಿಸು, ತಾನೇ ಬಿಡ್ತದೆ" ಎಂದು ತೋರಿಸಿಕೊಟ್ಟರು. ನಾನು ಹಾಗೆಯೇ ಮಾಡಿದೆ. ಬಿಟ್ಟಿತು. ಬಿಟ್ಟ ಗಂಡು ಕೂಡಲೇ ರೆಕ್ಕೆ ಬಡಿಯುತ್ತಾ ಪಕ್ಕದ ತಟ್ಟೆಯತ್ತ ಓಡಿತು. ಅದರ ಉತ್ಸಾಹ ಕಂಡು ನನಗೆ ಸಿಟ್ಟೇ ಬಂತು.

ಶನಿವಾರ ಅಯ್ಯನವರ ಹತ್ತಿರ ಈ ವಿಷಯವನ್ನೂ ಎತ್ತಿದೆ. ದಿನವಿಡೀ ಅದನ್ನೇ ನೋಡುತ್ತಿರುವುದು ಪಾಪವೇ ಎಂದು ಕೇಳಿದೆ.

"ಹುಳುಗಳಿಗೆ ದಶಾಜ್ಞೆ ಕೊಟ್ಟಿಲ್ಲ ಕಣಪ್ಪ. ನಿನ್ನ ಜೇಬು ತೋರ್ಸು" ಎಂದರು.

ಅವರು ಚಾಚಿದ ಮೊರಕ್ಕೆ ಎಡ ಜೇಬು ಬರಿದು ಮಾಡಿದೆ. ಮೊರದಲ್ಲಿ ಬಿದ್ದದ್ದನ್ನು ನೋಡಿ ಅವರು ಬೈಯಲಿಲ್ಲ. ಕಣ್ಣು ಮುಚ್ಚಿ ಚಿಕ್ಕದಾಗಿ ಪ್ರಾರ್ಥನೆ ಮಾಡಿ, ಹಿತ್ತಲಿಗೆ ಹೋಗಿ ಅಷ್ಟನ್ನೂ ಕೋಳಿಗಳಿಗೆ ಎರಚಿದರು. ಕೋಳಿಗಳು ಮುಗಿಬಿದ್ದು ಒಂದು ಕಾಳೂ ಬಿಡದೆ ಮುಗಿಸಿದವು. "ಹೋಯ್ತು ನೋಡು. ಕ್ಷಮೆ ಆಗಿದ್ದನ್ನ ಮತ್ತೆ ಜೇಬಿಗೆ ಹಾಕ್ಕೋಬಾರ್ದು" ಎಂದು ಹೊಸ ಹುರುಳಿ ಕೊಟ್ಟು ಕಳಿಸಿದರು. ನಾನು ಹಗುರವಾಗಿ, ರೈಲಿನಂತೆ ಸಿಳ್ಳೆ ಹಾಕುತ್ತಾ ಮನೆಗೆ ಹೋದೆ. ಭಾನುವಾರ ಮೊದಲ ಹಾಡಿನ ಎರಡನೆಯ ಚರಣದಲ್ಲೇ ಜಡೆ ಹಿಂದಕ್ಕೆ ಹೋಯಿತು, ಕಾಳು ಎಡಕ್ಕೆ ಬಂತು.

ಹೀಗೆ ಎರಡು ತಿಂಗಳು ನಡೆಯಿತು. ಅಯ್ಯನವರ ಕೋಳಿಗಳು ದುಂಡಗಾದವು. ಒಂದು ವಿಚಿತ್ರವನ್ನು ನಾನು ಗಮನಿಸಿರಲಿಲ್ಲ, ಅಯ್ಯನವರು ಗಮನಿಸಿದರು. ಶುರುವಿನಲ್ಲಿ ನಾನು, ಇದು ಹಿಪ್ಪುನೇರಳೆ ಸೊಪ್ಪು ಹೊತ್ತು ಹೋದವಳಿಗೆ, ಇದು ಬಸ್ಸಿನ ಕಿಟಕಿಯವಳಿಗೆ, ಇದು ಸಿನಿಮಾ ಪೋಸ್ಟರಿಗೆ ಎಂದು ಬಗೆಬಗೆಯ ವಿವರ ಕೊಡುತ್ತಿದ್ದೆ. ಬರಬರುತ್ತಾ ವಿವರ ನಿಂತುಹೋಯಿತು, ಹುರುಳಿ ಮಾತ್ರ ಹೆಚ್ಚಾಯಿತು.

"ಈ ವಾರದ್ದು ಎಷ್ಟು ಜನಪ್ಪ?" ಎಂದು ಒಂದು ಶನಿವಾರ ಕೇಳಿದರು.

"ಒಬ್ಬರೇ ಅಯ್ಯಾ."

"ಹೋದ ವಾರ?"

"ಅವರೇ."

ಅಯ್ಯನವರು ಮೊರ ಕೆಳಗಿಟ್ಟು ನನ್ನನ್ನು ನೋಡಿದರು. "ಇಷ್ಟು ಹುರುಳಿ ಒಬ್ಬಳ ಮೇಲೇನಾ? ಹಾಗಾದ್ರೆ ಹೋಗಿ ಆ ಹುಡುಗೀನ ಮದುವೆ ಆಗ್ತೀಯಾ ಅಂತ ಕೇಳು. ಇದು ನನ್ನ ಕೋಳಿಗಳ ಕೈಲಾಗೋ ಕೆಲಸ ಅಲ್ಲ."

"ಆಗಲ್ಲ ಅಯ್ಯಾ. ನಾನು ಅವತ್ತು ಎದ್ದು ನಿಂತಿದ್ದನ್ನ ಅವರು ನೋಡಿದಾರೆ."

"ಎಲ್ರೂ ನೋಡಿದ್ರು."

"ಅದಕ್ಕೇ ಆಗಲ್ಲ."

ನಿಜವಾಗಿ ನನ್ನನ್ನು ತಿನ್ನುತ್ತಿದ್ದದ್ದು ಅದೇ. ನಾನು ಎದ್ದ ಗಳಿಗೆಯಲ್ಲಿ ಹಾರ್ಮೋನಿಯಂ ಪೆಟ್ಟಿಗೆ ನಿಂತದ್ದು ನನ್ನ ಕಿವಿಯಿಂದ ಹೋಗಿರಲಿಲ್ಲ. ಅಸಹ್ಯದಿಂದ ಅವಳ ಕೈ ನಿಂತಿತು ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಇಡೀ ಸಭೆಯ ಮುಂದೆ ನಾನು ಹೆಣ್ಣು ನೋಡುವವನು ಎಂದು ಸಾಕ್ಷಿ ಕೊಟ್ಟವನನ್ನು ಯಾವ ಹೆಣ್ಣು ಒಪ್ಪುತ್ತಾಳೆ? ಅದೂ ಪಾದ್ರಿಗಳ ಮನೆಯ ಹೆಣ್ಣು? ಮೋಹವಾಗಿದ್ದರೆ ಕೋಳಿಗೆ ಹಾಕಿ ಮರೆಯಬಹುದಿತ್ತು. ನನಗೆ ಅವಳು ಬೇಕಾಗಿದ್ದಳು, ಮುದುಕನಾಗುವವರೆಗೂ ಬೇಕಾಗಿದ್ದಳು.

ಆ ವಾರವೇ ಅಯ್ಯನವರು ಹಳ್ಳಿಗಳ ಸಭೆ ನೋಡಲು ಗೌರಿಬಿದನೂರಿನ ಕಡೆಗೆ ಮೂರು ವಾರದ ಪ್ರವಾಸ ಹೊರಟರು. ಅವರು ಹೋದ ಮೇಲೆ ಅಮ್ಮ ನನಗೆ ಮುದ್ದೆ ಬಡಿಸುತ್ತಾ, "ಅಯ್ಯನೋರ ಹುಡುಗಿಗೆ ಚಿಂತಾಮಣಿ ಕಡೆ ಗಂಡು ನೋಡಿದಾರಂತೆ ಕಣೋ. ಅಯ್ಯನೋರು ಬಂದ್ಮೇಲೆ ಒಪ್ಪಿಗೆಯಾದ್ರೆ ಮುಂದಿನ ತಿಂಗಳೇ ದೇವಾಲಯದಲ್ಲಿ ಓದಿಸ್ತಾರಂತೆ" ಎಂದಳು. ನಮ್ಮಲ್ಲಿ ಮದುವೆಗೆ ಮೊದಲು ಮೂರು ಭಾನುವಾರ ಗಂಡುಹೆಣ್ಣಿನ ಹೆಸರು ಓದಿ, ಯಾರದಾದರೂ ತಕರಾರಿದ್ದರೆ ಹೇಳಿ ಎಂದು ಸಭೆಯನ್ನು ಕೇಳುತ್ತಾರೆ. ತಕರಾರು ಹೇಳಲು ಎದ್ದು ನಿಲ್ಲಬೇಕು. ಇನ್ನೊಂದು ಸಲ ಎದ್ದು ನಿಲ್ಲುವ ಶಕ್ತಿ ನನ್ನ ಕಾಲುಗಳಿಗೆ ಇರಲಿಲ್ಲ. ಅರ್ಧ ಮುದ್ದೆ ಬಿಟ್ಟು ಎದ್ದು ಕೈ ತೊಳೆದೆ.

ಆ ಮೂರು ವಾರ ಶಿಡ್ಲಘಟ್ಟದಲ್ಲಿ ನಾನು ಹೇಗಿದ್ದೆ ಎಂದು ನನ್ನ ಹುರುಳಿಯೇ ಹೇಳುತ್ತದೆ. ಚಿಟ್ಟೆ ಹಿಡಿದ ಕೈಯಲ್ಲಿ ಒಂದೊಂದೇ ಕಾಳು ಸಾಗಿಸುವುದು ಆಗದ ಮಾತು. ಊಟಕ್ಕೆ ಎದ್ದಾಗ ಅಂದಾಜಿನ ಮೇಲೆ ಒಂದು ಹಿಡಿ, ಸಂಜೆ ಒಂದು ಹಿಡಿ. ಅನುಮಾನವಿದ್ದರೆ ನನ್ನ ವಿರುದ್ಧವೇ ತೀರ್ಪು. ಜೇಬು ಸಾಲದೆ ಬಟ್ಟೆಯ ಚೀಲ ಮಾಡಿಕೊಂಡೆ. ಬಲ ಜೇಬಿಗೆ ಅಂಗಡಿಯಿಂದ ತರಬೇಕಾಯಿತು.

ಮೇಸ್ತ್ರಿ ನನ್ನ ಮುಖ ನೋಡಿ ನೋಡಿ ಒಂದು ದಿನ ಪಕ್ಕದಲ್ಲಿ ಕೂತರು. ಒಂದು ಗಂಡು ಚಿಟ್ಟೆಯನ್ನು ಅಂಗೈ ಮೇಲೆ ಬಿಟ್ಟುಕೊಂಡು, "ಇದಕ್ಕೆ ಏನಿಲ್ಲ ಹೇಳು ಭಾಯಿ" ಎಂದರು. ನನಗೆ ತಿಳಿಯಲಿಲ್ಲ. "ಇದು ತಿನ್ನಲ್ಲ, ಕುಡಿಯಲ್ಲ. ನಾಲ್ಕು ದಿನದ ಆಯುಸ್ಸು, ರೆಕ್ಕೆ ಬಡ್ಕೊಂಡೇ ಮುಗೀತದೆ. ಬಾಯಿ ಕೆಲಸಕ್ಕೆ ಬರಲ್ಲ ಇದಕ್ಕೆ. ನಿನಗೆ ಬರ್ತದಲ್ಲಪ್ಪಾ. ನೀನ್ಯಾಕೆ ಮೂರು ತಿಂಗಳಿಂದ ಬರೀ ರೆಕ್ಕೆ ಬಡೀತಿದೀಯ?" ಎಂದು ಎದ್ದುಹೋದರು. ನಾನು ಯಾರಿಗೂ ಏನೂ ಹೇಳಿರಲಿಲ್ಲ. ವರ್ಷಗಟ್ಟಲೆ ಜೋಡಿ ಮಾಡಿದ ಮನುಷ್ಯನಿಗೆ ಹೇಳಬೇಕಾಗಿಯೂ ಇರಲಿಲ್ಲ.

ಚಿಟ್ಟೆಗಳ ಕೋಣೆ ತಂಪಾಗಿರಬೇಕೆಂದು ನೆಲದಲ್ಲಿ ಒದ್ದೆ ಮರಳು ಹಾಸಿ, ಬಾಗಿಲಿಗೆ ನೀರು ಚಿಮುಕಿಸಿದ ಗೋಣಿ ಇಳಿಬಿಡುತ್ತಿದ್ದರು. ಕೊನೆಯ ಬುಧವಾರ, ತುಂಬಿದ ಹುರುಳಿಯ ಚೀಲವನ್ನು ನಾನು ಆ ಗೋಣಿಯ ಪಕ್ಕದ ಮೊಳೆಗೇ ತಗುಲಿಹಾಕಿದ್ದೆ. ಮೂರನೆಯ ಶನಿವಾರ ತೆಗೆದು ನೋಡಿದರೆ ಚೀಲ ಊದಿಕೊಂಡಿತ್ತು. ಒಳಗೆ ನನ್ನ ಮೂರು ವಾರದ ಪಾಪಗಳೆಲ್ಲ ಅರ್ಧ ಬೆರಳುದ್ದದ ಬಿಳಿ ಮೊಳಕೆ ಬಿಟ್ಟು ನಗುತ್ತಿದ್ದವು. ರೈಲಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಎದುರಿಗಿದ್ದ ಮುದುಕಿ, ಎಲ್ಲಿ ತಗೊಂಡೆಯಪ್ಪ, ಮೊಳಕೆ ಚೆನ್ನಾಗಿ ಬಂದಿದೆ ಎಂದು ಮೆಚ್ಚಿಕೊಂಡಳು.

ಚಿಕ್ಕಬಳ್ಳಾಪುರದಲ್ಲಿ ಇಳಿದವನು ನೇರವಾಗಿ ಅಯ್ಯನವರ ಮನೆಗೆ ಹೋದೆ. ಇವತ್ತು ಅವಳ ಹೆಸರು ಹೇಳಿಬಿಡುತ್ತೇನೆ, ಬೈದರೆ ಬೈಯಲಿ ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. ಬಾಗಿಲು ತೆಗೆದದ್ದು ಅವಳು.

"ಮಾವ ಇನ್ನೂ ಬಂದಿಲ್ಲ, ಸಂಜೆ ಬಸ್ಸಿಗೆ ಬರ್ತಾರೆ" ಎಂದಳು. ನನ್ನ ಕೈ ನೋಡಿ, "ಹುರುಳಿ ತಾನೆ? ಕೊಡಿ" ಎಂದಳು.

ಬಾಯಿಪಾಠ ಎಲ್ಲೋ ಹಾರಿಹೋಯಿತು. ಚೀಲ ಕೊಟ್ಟೆ.

"ಪ್ರತಿ ಶನಿವಾರ ಕೋಳಿಗೆ ಅಂತ ತಂದ್ಕೊಡ್ತೀರಲ್ಲ, ಹೊಲ ಇದೆಯಾ ನಿಮಗೆ?"

"ಸ್ವಲ್ಪ ಇದೆ" ಎಂದೆ. ನಮಗೆ ಇದ್ದದ್ದು ಮನೆಯ ಮುಂದೆ ಒಂದು ತುಳಸಿಯಷ್ಟು ಜಾಗ.

ಅವಳು ಚೀಲ ಬಿಚ್ಚಿ ನೋಡಿದಳು. ಮುಖ ಅರಳಿತು. "ಅಯ್ಯೋ, ಇಷ್ಟು ಚೆನ್ನಾಗಿ ಮೊಳಕೆ ಬಂದಿದೆ. ಇದನ್ನ ಕೋಳಿಗೆ ಹಾಕಿದ್ರೆ ಪಾಪ ಬರತ್ತೆ" ಎಂದು ಒಳಗೆ ತೆಗೆದುಕೊಂಡು ಹೋದಳು. ನಾಳೆ ಆರಾಧನೆ ಮುಗಿದ ಮೇಲೆ ಅಮ್ಮನನ್ನೂ ಕರೆದುಕೊಂಡು ಊಟಕ್ಕೆ ಬನ್ನಿ, ಮಾವ ಹೇಳಿ ಹೋಗಿದ್ದಾರೆ ಎಂದು ಒಳಗಿನಿಂದಲೇ ಹೇಳಿದಳು. ನಾನು ಖಾಲಿ ಕೈಯಲ್ಲಿ ಅಲ್ಲೇ ನಿಂತಿದ್ದೆ.

ಭಾನುವಾರ ಊಟಕ್ಕೆ ಕೂತೆವು. ಅಯ್ಯನವರು, ಅವರ ಪಕ್ಕ ನಾನು, ಎದುರಿಗೆ ಅಮ್ಮ. ಅವಳು ಬಡಿಸಿದಳು. ಬಿಸಿ ಮುದ್ದೆ, ಮೊಳಕೆ ಹುರುಳಿ ಸಾರು. ಈರುಳ್ಳಿ, ಬೆಳ್ಳುಳ್ಳಿ, ತೆಂಗಿನಕಾಯಿ ಹುರಿದು ಅರೆದ ಆ ಘಮ ಇನ್ನೊಂದು ದಿನವಾಗಿದ್ದರೆ ನನ್ನನ್ನು ಹುಚ್ಚು ಹಿಡಿಸುತ್ತಿತ್ತು. ಅಯ್ಯನವರು ಊಟಕ್ಕಾಗಿ ಸ್ತೋತ್ರ ಮಾಡಿ, ಈ ಆಹಾರವನ್ನು ಬೆಳೆದ ಕೈಗಳನ್ನು ಆಶೀರ್ವದಿಸು ಎಂದರು. ನಾನು ಆಮೆನ್ ಎನ್ನಲಿಲ್ಲ.

"ಮೊಳಕೆ ಯಾರು ಕಟ್ಟಿದ್ದಮ್ಮ? ಒಂದೂ ಬಿಡದ ಹಾಗೆ ಎಲ್ಲಾ ಕಾಳೂ ಬಂದಿದೆ" ಎಂದು ಅಮ್ಮ ಇನ್ನೊಂದು ತುತ್ತು ನುಂಗಿದಳು.

"ಇವರೇ ತಂದಿದ್ದು. ಮೂರು ನೀರಲ್ಲಿ ತೊಳ್ದೆ, ಏನೋ ಬಿಳೀ ಪುಡಿ ಅಂಟಿತ್ತು" ಎಂದಳು ಅವಳು. ಅದು ಚಿಟ್ಟೆಯ ರೆಕ್ಕೆಯ ಪುಡಿ.

ಅಯ್ಯನವರು ಎರಡನೆಯ ಮುದ್ದೆಗೆ ಕೈ ಹಾಕಿ ನನ್ನತ್ತ ವಾಲಿದರು. "ಅಂದ್ಹಾಗೆ, ನಿನ್ನ ಮೂರು ವಾರದ್ದು ಎಲ್ಲಪ್ಪ?" ಎಂದು ಮೆಲ್ಲಗೆ ಕೇಳಿದರು.

ನಾನು ಅವರ ತಟ್ಟೆ ನೋಡಿದೆ. ಅವರೂ ತಮ್ಮ ತಟ್ಟೆ ನೋಡಿಕೊಂಡರು. ನುಂಗಿದ್ದ ತುತ್ತು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಗಂಟಲಲ್ಲೇ ನಿಂತಿತು. ಕೆಮ್ಮಿದರು, ಕಣ್ಣಲ್ಲಿ ನೀರು ಬಂತು. ಅವಳು ಚೊಂಬು ಹಿಡಿದು ಓಡಿಬಂದು ಬೆನ್ನು ತಟ್ಟಿದಳು. ನೀರು ಕುಡಿದ ಮೇಲೆ ಗೊತ್ತಾಯಿತು, ಅವರು ಕೆಮ್ಮುತ್ತಿರಲಿಲ್ಲ, ನಗುತ್ತಿದ್ದರು.

"ಏನಾಯ್ತು ಮಾವ?"

"ನನ್ನ ಕೇಳ್ಬೇಡಮ್ಮ. ಸಾರು ಇವನದು, ಇವನನ್ನೇ ಕೇಳು."

ಮೂರು ಜನ ನನ್ನನ್ನೇ ನೋಡುತ್ತಿದ್ದರು. ಮೇಸ್ತ್ರಿಯ ಅಂಗೈ ಮೇಲಿದ್ದ ಬಾಯಿಲ್ಲದ ಚಿಟ್ಟೆ ನೆನಪಾಯಿತು. ನಾನು ಹೇಳಿದೆ. ಬಲ ಜೇಬು, ಎಡ ಜೇಬು, ಕೋಳಿಗಳು, ಹಿಡಿಯ ಅಂದಾಜು, ನಮಗೆ ಹೊಲ ಇಲ್ಲದ್ದು, ಎಲ್ಲವನ್ನೂ ತಟ್ಟೆ ನೋಡುತ್ತಾ ಒಂದೇ ಉಸಿರಿಗೆ ಹೇಳಿದೆ. ಅಮ್ಮನ ಕೈಯಲ್ಲಿದ್ದ ತುತ್ತು ಬಾಯಿಗೂ ಹೋಗದೆ ತಟ್ಟೆಗೂ ಇಳಿಯದೆ ನಿಂತುಬಿಟ್ಟಿತು.

ಅವಳು ಸೌಟು ಹಿಡಿದೇ ಕೇಳಿದಳು. "ಯಾರ ಮೇಲೆ ಇಷ್ಟು?"

"ನಿಮ್ಮ ಮೇಲೆ."

"ಇದರಲ್ಲಿ ಎಷ್ಟು?"

"ಪೂರ್ತಿ ಪಾತ್ರೆ" ಎಂದೆ. "ಅವತ್ತು ನಾನು ಎದ್ದಾಗ ಪೆಟ್ಟಿಗೆ ನಿಲ್ಲಿಸಿದ್ರಲ್ಲ, ನಿಮಗೆ ಅಸಹ್ಯ ಆಯ್ತು ಅಂತ ಗೊತ್ತು. ಅದಕ್ಕೇ ಇಷ್ಟು ದಿನ ಹೇಳ್ಲಿಲ್ಲ."

ಅವಳು ಸೌಟನ್ನು ಪಾತ್ರೆಯಲ್ಲಿಟ್ಟಳು. ಆಮೇಲೆ ತನಗೊಂದು ತಟ್ಟೆ ಹಾಕಿಕೊಂಡು ಅಮ್ಮನ ಪಕ್ಕ ಕೂತಳು. ಮುದ್ದೆ ಇಟ್ಟುಕೊಂಡಳು, ಅದರ ಮೇಲೆ ಎರಡು ಸೌಟು ಸಾರು ಹಾಕಿಕೊಂಡಳು. ಜಡೆ ಮುಂದೆ ಬಿದ್ದಿತ್ತು, ಹಿಂದಕ್ಕೆ ಎಸೆಯಲಿಲ್ಲ.

"ಅಸಹ್ಯ ಅಲ್ಲ" ಎಂದಳು, ತಟ್ಟೆಗೆ ಹೇಳುವ ಹಾಗೆ. "ನೀವು ಎದ್ದ ಗಳಿಗೆಗೇ ನಾನೂ ಎದ್ದಿದ್ದೆ, ಅರ್ಧ. ನಿಮ್ಮ ಕಾರಣಕ್ಕೇ. ತಿದಿ ಬಿಟ್ಟ ತಕ್ಷಣ ಹಾಡು ನಿಂತೋಯ್ತು. ನುಡಿಸೋರು ಬೇರೆ ಯಾರೂ ಇರ್ಲಿಲ್ಲ. ಮತ್ತೆ ಕೂತ್ಕೊಂಡೆ."

ನನ್ನ ಜೀವಮಾನದಲ್ಲಿ ಅಷ್ಟು ಸಂತೋಷ ನನಗೆ ಅದಕ್ಕೆ ಮೊದಲು ಆಗಿರಲಿಲ್ಲ. ನಗಬೇಕೋ ಅಳಬೇಕೋ ತಿಳಿಯದೆ ಮುದ್ದೆಗೆ ಕೈ ಹಾಕಿದೆ, ಬೆರಳು ಸುಟ್ಟುಕೊಂಡೆ. ಅಯ್ಯನವರು ಒಂದು ಸಲ ಅವಳನ್ನು, ಒಂದು ಸಲ ನನ್ನನ್ನು ನೋಡಿ, ಖಾಲಿಯಾಗಿದ್ದ ತಮ್ಮ ತಟ್ಟೆಯನ್ನು ಅವಳ ಮುಂದಕ್ಕೆ ಸರಿಸಿದರು.

"ನಾಳೆ ಚಿಂತಾಮಣಿಯೋರಿಗೆ ಆ ಗಂಡು ಬೇಡ ಅಂತ ಕಾಗದ ಬರೀತೀನಿ" ಎಂದರು. "ಸದ್ಯಕ್ಕೆ ಇನ್ನೊಂದು ಸೌಟು ಹಾಕಮ್ಮ. ಕೋಳಿಗಳಿಗೆ ಏನೂ ಉಳೀಬಾರ್ದು."